ಅಣುಬಾಂಬ್ ಬೇಡ ಅಂತೀರಾ? ಹಾಗಾದ್ರೆ ಮೊದಲು ಯಾರು ಬಿಡಬೇಕು?

ಕೆರೆ ಏರಿ

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಟೀ ಕುಡಿಯುವ ಗುಂಪು ನಮ್ಮದು. ಒಂಬತ್ತು ಜನ. ಒಬ್ಬರು ನಿವೃತ್ತ ಹವಾಲ್ದಾರರು, ಇಬ್ಬರು ಬ್ಯಾಂಕಿನವರು, ಒಬ್ಬರು ಟೈಲರ್, ಉಳಿದವರೆಲ್ಲ ನನ್ನ ಹಾಗೆ ಮೇಷ್ಟ್ರುಗಳು. 2025ರ ಮೇನಲ್ಲಿ ಗಡಿಯಲ್ಲಿ ನಾಲ್ಕು ದಿನ ಡ್ರೋನು, ಕ್ಷಿಪಣಿ ಹಾರಾಡಿದವಲ್ಲ, ಆವಾಗಿನಿಂದ ನಮ್ಮ ಗುಂಪಿನಲ್ಲಿ ಅಣುಬಾಂಬಿನ ಮಾತು ಆಗಾಗ ಬರುತ್ತದೆ.

ಮೊನ್ನೆ ಸುಮ್ನೆ ಒಂದು ಪ್ರಯೋಗ ಮಾಡಿದೆ. "ಪ್ರಪಂಚದಲ್ಲಿ ಒಂದೂ ಅಣುಬಾಂಬ್ ಇರಬಾರದು, ಒಪ್ತೀರಾ?" ಎಂದು ಕೇಳಿದೆ. ಒಂಬತ್ತೂ ಕೈ ಮೇಲೆ ಹೋದವು. ಟೀ ಮುಗಿಯುವ ಹೊತ್ತಿಗೆ ಇನ್ನೊಂದು ಕೇಳಿದೆ. "ಸರಿ, ನಮ್ಮದನ್ನು ನಾವು ಮೊದಲು ಬಿಟ್ಟುಬಿಡೋಣವಾ?" ಒಂದು ಕೈಯೂ ಏಳಲಿಲ್ಲ. ನನ್ನದೂ ಏಳಲಿಲ್ಲ! ಮೂವತ್ತು ವರ್ಷ ಆಗಸ್ಟ್ 6ರ ಹಿರೋಶಿಮಾ ದಿನ ಬಂತೆಂದರೆ ಮಕ್ಕಳಿಗೆ ಶಾಂತಿಯ ಗುರುತಾದ ಕಾಗದದ ಕೊಕ್ಕರೆ ಮಡಿಸಲು ಹೇಳಿಕೊಟ್ಟ ಕೈ ಇದು.

ಅದೇ ಜನ, ಅದೇ ಟೀ, ಹತ್ತು ನಿಮಿಷದ ಅಂತರ. ಇದರಲ್ಲಿ ಜನಾಭಿಪ್ರಾಯ ಯಾವುದು? ಮೊದಲನೆಯದಾ, ಎರಡನೆಯದಾ? ನಿಮಗೆ ಅನಿಸಿದ್ದು ಬರೆಯಿರಿ. ಬೈಯುವವರು ಬಹುವಚನದಲ್ಲಿ ಬೈಯಿರಿ.

ಲೆಕ್ಕದ ಪುಸ್ತಕ

ಎರಡೂ ಜನಾಭಿಪ್ರಾಯವೇ ಸಾರ್. ಪ್ರಶ್ನೆ ಬೇರೆ ಬೇರೆ, ಅಷ್ಟೇ. ನಿಮ್ಮ ಟೀ ಅಂಗಡಿಯಲ್ಲಿ ಆದದ್ದು ದೊಡ್ಡ ಮಟ್ಟದಲ್ಲೂ ಆಗಿದೆ.

2008ರಲ್ಲಿ ವರ್ಲ್ಡ್ ಪಬ್ಲಿಕ್ ಒಪೀನಿಯನ್ ಎಂಬ ಸಂಸ್ಥೆ 21 ದೇಶಗಳಲ್ಲಿ ಸಮೀಕ್ಷೆ ಮಾಡಿತ್ತು. ಅಣ್ವಸ್ತ್ರಗಳನ್ನು ಪೂರ್ತಿ ತೆಗೆದುಹಾಕುವ ಒಪ್ಪಂದಕ್ಕೆ ಸರಾಸರಿ 76% ಜನ ಹೂಂ ಅಂದರು. ಅಮೆರಿಕದಲ್ಲಿ 77%, ಭಾರತದಲ್ಲಿ 62%. ಅರ್ಧ ದಾಟದೇ ಇದ್ದದ್ದು ಪಾಕಿಸ್ತಾನದಲ್ಲಿ ಮಾತ್ರ. ಅಲ್ಲೂ 46% ಹೂಂ, 41% ಉಹೂಂ. ಅಂದರೆ ಹೂಂ ಅಂದವರೇ ಜಾಸ್ತಿ.

ಆದರೆ ಆ ಪ್ರಶ್ನೆಯ ಒಳಗೇ ಬೀಗ ಇತ್ತು. ಬಾಂಬ್ ಇರುವವರೆಲ್ಲ ಒಂದು ವೇಳಾಪಟ್ಟಿ ಪ್ರಕಾರ ಬಿಡಬೇಕು, ಇಲ್ಲದವರು ಮಾಡಬಾರದು, ಎಲ್ಲರ ಮೇಲೂ ತಪಾಸಣೆ ಇರಬೇಕು. ಇಷ್ಟೆಲ್ಲ ಭದ್ರ ಮಾಡಿ ಕೇಳಿದರೆ ನಿಮ್ಮ ಹವಾಲ್ದಾರರೂ ಕೈ ಎತ್ತುತ್ತಾರೆ.

ಇದರ ಉಲ್ಟಾ ಕೇಳಿ. ಸ್ಕಾಟ್ ಸೇಗನ್, ಬೆಂಜಮಿನ್ ವ್ಯಾಲೆಂಟಿನೊ ಎಂಬ ಇಬ್ಬರು ಪ್ರೊಫೆಸರುಗಳು ಅಮೆರಿಕನ್ನರ ಮುಂದೆ ಒಂದು ಕಲ್ಪನೆ ಇಟ್ಟರು. ಇರಾನ್ ಜೊತೆ ಯುದ್ಧ. ನೆಲದ ಮೇಲೆ ಕಾದಾಡಿದರೆ ನಮ್ಮ 20 ಸಾವಿರ ಸೈನಿಕರು ಸಾಯುತ್ತಾರೆ. ಬದಲಿಗೆ ಒಂದು ಊರಿನ ಮೇಲೆ ಅಣುಬಾಂಬ್ ಹಾಕಿದರೆ ಯುದ್ಧ ನಿಲ್ಲಬಹುದು. ಅಲ್ಲಿ 20 ಲಕ್ಷ ಸಾಮಾನ್ಯ ಜನ ಸಾಯುತ್ತಾರೆ ಎಂದು ಹೇಳಿಯೂ ಕೇಳಿದರು. ಅಧ್ಯಕ್ಷರು ಹಾಕಿದರೆ ನನ್ನ ಒಪ್ಪಿಗೆ ಇದೆ ಎಂದವರು ಸುಮಾರು 60%. ಇದು ಪ್ರಕಟವಾಗಿದ್ದು 2017ರಲ್ಲಿ. ಬಾಂಬೇ ಬೇಡ ಎಂದ 77% ಇದ್ದ ದೇಶ ಅದೇ ಅಲ್ವಾ?

ನೇರ ಮಾತು

ಯುಕ್ರೇನ್ ನೋಡಿ. ಇದ್ದ ಬಾಂಬ್ ಬಿಟ್ಟರು, ಅನುಭವಿಸಿದರು. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ಒಂದು ಕಾಗದ ಕೊಟ್ಟರು. ನಿಮ್ಮ ಗಡಿ ಮುಟ್ಟಲ್ಲ ಅಂತ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಸಹಿ ಹಾಕಿದ್ದವು. 2014ರಲ್ಲಿ ಅವರ ಕ್ರಿಮಿಯಾ ರಷ್ಯಾ ಕೈಗೆ ಹೋಯಿತು. 2022ರಲ್ಲಿ ಏನಾಯಿತು ಎಂದು ಎಲ್ಲರಿಗೂ ಗೊತ್ತು. ದಕ್ಷಿಣ ಕೊರಿಯಾದಲ್ಲಿ ಈಗ ಸಮೀಕ್ಷೆ ಮಾಡಿದರೆ ಹತ್ತರಲ್ಲಿ ಏಳು ಜನ ನಮಗೂ ಸ್ವಂತ ಬಾಂಬ್ ಬೇಕು ಅಂತಾರೆ. ಅವರು ದಡ್ಡರಾ? ಕೊಕ್ಕರೆ ಮಡಿಸಿ ದೇಶ ಕಾಯೋಕಾಗಲ್ಲ ಮೇಷ್ಟ್ರೇ.

ಮಂಡಕ್ಕಿ ಮಿರ್ಚಿ

ಬಹುವಚನದಲ್ಲೇ ಬೈದಿದ್ದಾರೆ, ಮೇಷ್ಟ್ರಿಗೆ ಸಮಾಧಾನ ಆಗಿರಬೇಕು.

ನಾನು 1998ರ ಬಗ್ಗೆ ಹೇಳ್ತೀನಿ. ಎಸ್ಸೆಸ್ಸೆಲ್ಸಿ ಬರೆದು ರಿಸಲ್ಟಿಗೆ ಕಾಯುತ್ತಿದ್ದೆ. ದಾವಣಗೆರೆಯಲ್ಲಿ ಅಪ್ಪನ ಬಟ್ಟೆ ಅಂಗಡಿ. ಮೇ 11, ಸೋಮವಾರ, ಬುದ್ಧ ಪೂರ್ಣಿಮೆ. ಸಂಜೆ ಟಿವಿಯಲ್ಲಿ ವಾಜಪೇಯಿ ಬಂದು ಮೂರು ಪರೀಕ್ಷೆ ಆಯಿತು ಎಂದರು. ಅಪ್ಪ ಗಲ್ಲಾಪೆಟ್ಟಿಗೆಯಿಂದ ನೂರರ ನೋಟು ತೆಗೆದು ನನ್ನ ಕೈಗಿಟ್ಟು "ಬೂಂದಿ ತಗೊಂಬಾ" ಎಂದರು. ಯಾವ ಹಬ್ಬಕ್ಕೂ ಅವರು ಕೇಳದೇ ದುಡ್ಡು ಕೊಟ್ಟವರಲ್ಲ. ಪಕ್ಕದ ಅಂಗಡಿಯವರಿಗೆಲ್ಲ ನಾನೇ ಪೊಟ್ಟಣ ಹಂಚಿದೆ. 13ಕ್ಕೆ ಇನ್ನೂ ಎರಡು ಆಯಿತು. ಆಗ ಬೀದಿಯಲ್ಲಿ ಪಟಾಕಿ.

ಆಮೇಲೆ ಮೇ 28. ಪಾಕಿಸ್ತಾನ ಚಾಗೈ ಗುಡ್ಡದಲ್ಲಿ ಐದು ಸಿಡಿಸಿದೆವು ಎಂದಿತು. 30ಕ್ಕೆ ಇನ್ನೊಂದು. ಅಂಗಡಿಯಲ್ಲಿ ರೇಡಿಯೋ ಹೇಳುತ್ತಿತ್ತು. ಅಜ್ಜಿ ಒಳಗಡೆ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದವಳು ಕುಟ್ಟುವುದನ್ನು ನಿಲ್ಲಿಸಿ, "ಅವರ ಹತ್ರನೂ ಐತೆ ಅಂದ್ರೆ ನಮ್ಮದು ಯಾತಕ್ಕೆ ಬಂತಪ್ಪ?" ಎಂದಳು. ಅಪ್ಪ ಉತ್ತರ ಹೇಳಲಿಲ್ಲ. ಗಿರಾಕಿ ಬಿಟ್ಟು ಹೋಗಿದ್ದ ಪಂಚೆ ಮಡಿಸಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

ಮೊದಲ ಪರೀಕ್ಷೆಯಾದ ಕೂಡಲೇ ಆರು ದೊಡ್ಡ ನಗರಗಳಲ್ಲಿ ಸಮೀಕ್ಷೆ ಮಾಡಿ 91% ಜನರ ಬೆಂಬಲ ಇದೆ ಎಂದು ಪತ್ರಿಕೆಯಲ್ಲಿ ಹಾಕಿದ್ದರು. ಈಗಲೂ ಎಲ್ಲರೂ ಆ 91ನ್ನೇ ಹೇಳುತ್ತಾರೆ. ಅಪ್ಪನನ್ನು ಮೇ 12ಕ್ಕೆ ಕೇಳಿದ್ದರೆ ಖಂಡಿತ ಆ 91ರಲ್ಲಿ ಇರುತ್ತಿದ್ದರು. 29ಕ್ಕೆ ಯಾರೂ ಕೇಳಲಿಲ್ಲ.

ಲೆಕ್ಕದ ಪುಸ್ತಕ

ಮಂಡಕ್ಕಿ ಅವರೇ, ಚೆನ್ನಾಗಿ ಹೇಳಿದ್ರಿ. ಅದಕ್ಕೆ ಮುಂಚಿನದೂ ಒಂದು ಲೆಕ್ಕ ಇದೆ. 1994ರಲ್ಲಿ ಅಮೆರಿಕದ ನೋಟ್ರೆ ಡೇಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆ ಭಾರತದ ನಗರಗಳಲ್ಲಿ ಓದಿದವರನ್ನು, ಅಧಿಕಾರಿಗಳನ್ನು, ಪ್ರೊಫೆಸರುಗಳನ್ನು ಕೇಳಿತ್ತು. ಬಾಂಬ್ ಮಾಡಲೇಬೇಕು ಎಂದವರು 33%. ಪೂರ್ತಿ ಬಿಡಬೇಕು ಎಂದವರು 8%. ಉಳಿದ 57% ಜನ ಆಗಿನ ಸರ್ಕಾರದ ನೀತಿಯೇ ಸಾಕು ಎಂದರು. ಆ ನೀತಿ ಏನು? ಇದೆ ಅನ್ನಲ್ಲ, ಇಲ್ಲ ಅನ್ನಲ್ಲ. ನಾಲ್ಕು ವರ್ಷದಲ್ಲಿ ಸರ್ಕಾರ ನೀತಿ ಬದಲಿಸಿತು. ಜನರೂ ಬದಲಾದರು. ಯಾರ ಹಿಂದೆ ಯಾರು ಹೋದರು ಎಂದು ನೀವೇ ಹೇಳಿ.

ಕಾಳಿ ದಂಡೆ

ನಮ್ಮ ಕೈಗಾ ಅಣು ಸ್ಥಾವರದ ವಿಷಯ ಯಾರೂ ಎತ್ತಲಿಲ್ಲ? ಅದು ಬೇಡ ಅಂತ ಶಿವರಾಮ ಕಾರಂತರೇ ಬೀದಿಗೆ ಇಳಿದಿದ್ದರು. 1989ರಲ್ಲಿ ಪಾರ್ಲಿಮೆಂಟ್ ಚುನಾವಣೆಗೂ ನಿಂತರು. ಜನಾಭಿಪ್ರಾಯ ಅಂದರೆ ಅದು.

ಲೆಕ್ಕದ ಪುಸ್ತಕ

ಕೈಗಾದಲ್ಲಿ ಆಗುವುದು ಕರೆಂಟು, ಬಾಂಬಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಮಾತು ದಾರಿ ತಪ್ಪುತ್ತದೆ. ಕಾರಂತರು ಆ ಚುನಾವಣೆಯಲ್ಲಿ ಸೋತರು ಎನ್ನುವುದೂ ಜನಾಭಿಪ್ರಾಯವೇ ಅಲ್ವಾ?

ಕಾಳಿ ದಂಡೆ

ಸೋತಿದ್ದು ನಿಜ. ಆದರೂ 87ರ ವಯಸ್ಸಿನಲ್ಲಿ ನಿಂತಿದ್ದೂ ನಿಜ. ಸರಿ, ಇಲ್ಲಿಗೆ ಬಿಡ್ತೀನಿ.

ಪೂರ್ವದ ಕಿಟಕಿ

ನಾನು ಜಪಾನಿನಲ್ಲಿ ಕೆಲಸದಲ್ಲಿದ್ದೇನೆ. ಊರು ಶಿರಸಿ ಕಡೆ. ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಹಿರೋಶಿಮಾಗೆ ಕರೆದುಕೊಂಡು ಹೋಗಿದ್ದೆ. ಮ್ಯೂಸಿಯಂ ಒಳಗೆ ಒಂದು ಮೂರುಗಾಲಿ ಸೈಕಲ್ ಇದೆ. ತುಕ್ಕು ಹಿಡಿದು ಮುರುಟಿದೆ. ಮೂರು ವರ್ಷ ದಾಟಿ ನಾಲ್ಕಕ್ಕೆ ಹತ್ತಿರವಾಗಿದ್ದ ಹುಡುಗ ಅಂದು ಬೆಳಗ್ಗೆ ಮನೆ ಮುಂದೆ ಅದನ್ನು ಓಡಿಸುತ್ತಿದ್ದ. ಅದೇ ರಾತ್ರಿ ತೀರಿಕೊಂಡ. ಇಷ್ಟು ಚಿಕ್ಕವನನ್ನು ಒಬ್ಬನೇ ದೂರದ ಗೋರಿಗೆ ಕಳಿಸುವುದು ಹೇಗೆ ಅಂತ ಅಪ್ಪ ಅವನನ್ನು ಸೈಕಲ್ ಸಮೇತ ಹಿತ್ತಲಲ್ಲೇ ಹೂತರು. 40 ವರ್ಷ ಆದ ಮೇಲೆ, 1985ರಲ್ಲಿ, ಅಗೆದು ತೆಗೆದು ಸೈಕಲನ್ನು ಮ್ಯೂಸಿಯಂಗೆ ಕೊಟ್ಟರು. ನಮ್ಮಮ್ಮ ಎಲ್ಲ ಕಡೆ ಫೋಟೋ ತೆಗೆಯುತ್ತಾ ಬಂದವಳು ಅಲ್ಲಿ ಮೊಬೈಲ್ ಚೀಲಕ್ಕೆ ಹಾಕಿದಳು. ಹೊರಗೆ ಬಂದು ನದಿ ಪಕ್ಕ ಕೂತಾಗ "ಅವನ ಅಪ್ಪ ಆ ಹಿತ್ತಲಲ್ಲಿ ನಲವತ್ತು ವರ್ಷ ಹೇಗೆ ಓಡಾಡಿದ್ನೋ" ಎಂದಳು. ಆಮೇಲೆ ಊಟದವರೆಗೂ ಮಾತಿಲ್ಲ.

ಇಲ್ಲಿನ ಜನಾಭಿಪ್ರಾಯ 1945ರಲ್ಲೇ ಹುಟ್ಟಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಯುದ್ಧ ಮುಗಿದ ಮೇಲೆ ಏಳು ವರ್ಷ ಅಮೆರಿಕದ ಸೇನೆ ಇಲ್ಲಿ ಕೂತಿತ್ತು. ಬಾಂಬಿನ ಬಗ್ಗೆ ಬರೆಯುವುದಕ್ಕೆ ಸೆನ್ಸಾರ್ ಇತ್ತು. ದೇಶ ಪೂರ್ತಿ ಎದ್ದಿದ್ದು 1954ರಲ್ಲಿ. ಅದಕ್ಕೆ ಕಾರಣ ಮೀನು!

ಆ ವರ್ಷ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. 15 ಮೆಗಾಟನ್. ಅಂದರೆ ಹಿರೋಶಿಮಾದ್ದರ ಸಾವಿರ ಪಟ್ಟು. ದೂರದಲ್ಲಿದ್ದ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ಬಿಳೀ ಬೂದಿ ಸುರಿಯಿತು. 23 ಜನಕ್ಕೂ ಕಾಯಿಲೆ ಬಂತು. ರೇಡಿಯೋ ನೋಡಿಕೊಳ್ಳುತ್ತಿದ್ದವರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ದಡಕ್ಕೆ ಬಂದ ಟ್ಯೂನಾ ಮೀನಿನಲ್ಲಿ ವಿಕಿರಣ ಇದೆ ಎಂದು ಗೊತ್ತಾದ ಕೂಡಲೇ ಮಾರ್ಕೆಟ್ ಖಾಲಿ. ಟೋಕಿಯೋದ ಸುಗಿನಾಮಿ ಎಂಬ ಬಡಾವಣೆಯಲ್ಲಿ ಮೀನಿನ ಅಂಗಡಿಯವರು, ಗೃಹಿಣಿಯರು ಸೇರಿ ಸಹಿ ಸಂಗ್ರಹ ಶುರು ಮಾಡಿದರು. ಮನೆ ಮನೆಗೆ ಹೋದರು. ಮುಂದಿನ ಆಗಸ್ಟ್ ಹೊತ್ತಿಗೆ ದೇಶದಾದ್ಯಂತ 3 ಕೋಟಿಗೂ ಜಾಸ್ತಿ ಸಹಿ ಆಯಿತು. ಆಗ ಜಪಾನಿನ ಜನಸಂಖ್ಯೆ ಸುಮಾರು 9 ಕೋಟಿ. ಅಂದರೆ ಮೂರರಲ್ಲಿ ಒಬ್ಬರು. ಬಾಂಬಿನಿಂದ ಬದುಕಿ ಉಳಿದವರ ಸಂಘ ನಿಹೋನ್ ಹಿದಾಂಕ್ಯೊ ಹುಟ್ಟಿದ್ದೂ ಆಮೇಲೆಯೇ, 1956ರಲ್ಲಿ. ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದು 2024ರಲ್ಲಿ. 2025ರ ಲೆಕ್ಕದ ಪ್ರಕಾರ ಬದುಕುಳಿದವರು 1 ಲಕ್ಷಕ್ಕಿಂತ ಕಡಿಮೆ. ಸರಾಸರಿ ವಯಸ್ಸು 86.

ಈಗ ತಮಾಷೆ ಕೇಳಿ. 2017ರಲ್ಲಿ ವಿಶ್ವಸಂಸ್ಥೆಯಲ್ಲಿ 122 ದೇಶಗಳು ಸೇರಿ ಅಣ್ವಸ್ತ್ರ ನಿಷೇಧ ಒಪ್ಪಂದ ಮಾಡಿದವು. 2021ರ ಜನವರಿ 22ರಿಂದ ಜಾರಿಯಲ್ಲಿದೆ. ಜಪಾನ್ ಸಹಿ ಹಾಕಿಲ್ಲ. ಜನರನ್ನು ಕೇಳಿದರೆ ಹೆಚ್ಚಿನವರು ಸೇರಬೇಕು ಅಂತಾರೆ. ಸರ್ಕಾರ ಮಾತ್ರ ಅಮೆರಿಕದ ಅಣುಛತ್ರಿಯ ಕೆಳಗೆ, ಅಂದರೆ ಅವರ ಬಾಂಬಿನ ರಕ್ಷಣೆಯಲ್ಲಿ ನಿಂತಿದೆ. ಒಂದು ಕಡೆ ಚೀನಾ, ಇನ್ನೊಂದು ಕಡೆ ಉತ್ತರ ಕೊರಿಯಾ. ಛತ್ರಿ ಮಡಚೋಣವಾ ಎಂದು ಕೇಳಿದರೆ ನನ್ನ ಆಫೀಸಿನವರೂ ನಿಮ್ಮ ಟೀ ಗುಂಪಿನ ಹಾಗೆ ಸುಮ್ಮನಾಗುತ್ತಾರೆ.

ನೇರ ಮಾತು

ಸೈಕಲ್ ಓದಿ ಬೇಜಾರಾಯಿತು. ನಾನು ಕಲ್ಲು ಮನಸ್ಸಿನವನಲ್ಲ. ಆದರೆ ನನ್ನ ವಾದ ಹಾಗೇ ಇದೆ. ಆ ಹುಡುಗ ಸತ್ತಿದ್ದು ಅಮೆರಿಕದ ಹತ್ತಿರ ಮಾತ್ರ ಬಾಂಬ್ ಇದ್ದಾಗ. ಇಬ್ಬರ ಹತ್ತಿರವೂ ಇದ್ದ ಮೇಲೆ ಯಾರೂ ಹಾಕಿಲ್ಲ.

ಹಲ್ಲಿನ ಡಾಕ್ಟ್ರು

ನೇರ ಮಾತು ಅವರೇ, ಯುದ್ಧದಲ್ಲಿ ಹಾಕಿಲ್ಲ, ಸರಿ. ಪರೀಕ್ಷೆ ಅಂತ ಎರಡು ಸಾವಿರಕ್ಕೂ ಹೆಚ್ಚು ಸಿಡಿಸಿದ್ದಾರಲ್ಲ. ಅದರಲ್ಲಿ ನೂರಾರು ಬಯಲಲ್ಲೇ.

ಜನಾಭಿಪ್ರಾಯದಿಂದ ಏನೂ ಆಗಲ್ಲ ಅನ್ನುವವರಿಗೆ ನನ್ನ ಕಸುಬಿನ ಕಥೆ ಒಂದಿದೆ. ನಾವು ಚಿಕ್ಕವರಿದ್ದಾಗ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುತ್ತಿದ್ದೆವು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ತಾಯಂದಿರು ಆ ಹಲ್ಲುಗಳನ್ನು ಲಕೋಟೆಯಲ್ಲಿ ಹಾಕಿ ವಿಜ್ಞಾನಿಗಳಿಗೆ ಕಳಿಸಲು ಶುರು ಮಾಡಿದರು. ಒಟ್ಟು ಸುಮಾರು 3 ಲಕ್ಷ ಹಲ್ಲು! ಹಲ್ಲು ಕೊಟ್ಟ ಮಗುವಿಗೆ ಒಂದು ಬ್ಯಾಡ್ಜ್ ಸಿಗುತ್ತಿತ್ತು. ಹಲ್ಲೇ ಯಾಕೆ? ಬಾಂಬಿನ ಬೂದಿಯಲ್ಲಿರುವ ಸ್ಟ್ರಾನ್ಷಿಯಂ-90 ಹುಲ್ಲಿನ ಮೇಲೆ ಬೀಳುತ್ತದೆ. ಹಸು ಮೇಯುತ್ತದೆ. ಹಾಲಿನಲ್ಲಿ ಮಗುವಿಗೆ ಬರುತ್ತದೆ. ನಮ್ಮ ದೇಹಕ್ಕೆ ಅದು ಕ್ಯಾಲ್ಸಿಯಂ ತರಹವೇ ಕಾಣುತ್ತದೆ. ಅದಕ್ಕೇ ಮೂಳೆಯಲ್ಲಿ, ಹಲ್ಲಿನಲ್ಲಿ ಹೋಗಿ ಕೂರುತ್ತದೆ. ಪರೀಕ್ಷೆಗಳು ಜಾಸ್ತಿಯಾದ ಹಾಗೆ ಹಲ್ಲಿನಲ್ಲೂ ಅದು ಜಾಸ್ತಿಯಾಗಿತ್ತು. ಎಲ್ಲೋ ಮರುಭೂಮಿಯಲ್ಲಿ ಸಿಡಿದದ್ದು ನಮ್ಮ ಮಗುವಿನ ಬಾಯಲ್ಲಿದೆ ಎಂದರೆ ಯಾವ ತಾಯಿ ಸುಮ್ಮನಿರುತ್ತಾಳೆ? 1963ರಲ್ಲಿ ಅಮೆರಿಕ, ಸೋವಿಯತ್, ಬ್ರಿಟನ್ ಮೂವರೂ ಬಯಲಿನ ಪರೀಕ್ಷೆ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿದರು. ಹಿಂದಿನ ವರ್ಷ ಕ್ಯೂಬಾ ಬಿಕ್ಕಟ್ಟಿನಲ್ಲಿ ಅಣುಯುದ್ಧವೇ ಆಗಿಬಿಡುತ್ತಿತ್ತು ಎಂಬ ಭಯವೂ ಇತ್ತು. ಹಲ್ಲೊಂದೇ ಕಾರಣ ಅನ್ನಲ್ಲ.

ಇನ್ನೊಂದು. 1982ರ ಜೂನ್ 12ರಂದು ನ್ಯೂಯಾರ್ಕಿನಲ್ಲಿ ಸುಮಾರು 10 ಲಕ್ಷ ಜನ ಸೇರಿದರು. ಆ ನವೆಂಬರಿನಲ್ಲಿ ಒಂಬತ್ತು ರಾಜ್ಯಗಳು ಬಾಂಬ್ ಪೈಪೋಟಿ ನಿಲ್ಲಿಸಬೇಕೇ ಎಂದು ಮತಪತ್ರದಲ್ಲೇ ಕೇಳಿದವು. ಎಂಟರಲ್ಲಿ ಗೆದ್ದಿತು. ಅಧ್ಯಕ್ಷರಾಗಿದ್ದ ರೇಗನ್ ಮೊದಲು ಇವರನ್ನೆಲ್ಲ ತಳ್ಳಿಹಾಕಿದ್ದರು. ಐದು ವರ್ಷದಲ್ಲಿ ಅವರೇ ಸೋವಿಯತ್ ನಾಯಕ ಗೋರ್ಬಚೆವ್ ಜೊತೆ ಕೂತು ಮಧ್ಯಮ ದೂರದ ಕ್ಷಿಪಣಿಗಳನ್ನು ನಾಶ ಮಾಡುವ ಒಪ್ಪಂದ ಮಾಡಿಕೊಂಡರು. 1986ರ ಸುಮಾರಿಗೆ ಪ್ರಪಂಚದಲ್ಲಿ 70 ಸಾವಿರ ಸಿಡಿತಲೆ ಇದ್ದವು. 2025ರ ಆರಂಭದಲ್ಲಿ, ಶಸ್ತ್ರಾಸ್ತ್ರಗಳ ಲೆಕ್ಕ ಇಡುವ ಸಿಪ್ರಿ ಸಂಸ್ಥೆಯ ಪ್ರಕಾರ 12,241. ಅದರಲ್ಲಿ ನಮ್ಮವು 180, ಪಾಕಿಸ್ತಾನದ್ದು 170. ಕಡಿಮೆ ಆಗಲ್ಲ ಅನ್ನುವುದಾದರೆ ಆ 58 ಸಾವಿರ ಎಲ್ಲಿ ಹೋದವು?

ನೇರ ಮಾತು

ಹಲ್ಲಿನ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ 12 ಸಾವಿರ ಸಾಲದಾ ಎಲ್ಲರನ್ನೂ ಮುಗಿಸೋಕೆ? 70 ಇದ್ದರೇನು, 12 ಇದ್ದರೇನು.

ಹಲ್ಲಿನ ಡಾಕ್ಟ್ರು

ಈಗ ನೀವೇ ನಮ್ಮ ಕಡೆ ಮಾತಾಡ್ತಿದ್ದೀರಿ ಸ್ವಾಮಿ.

ಡಿಗ್ರಿ ಎರಡನೇ ವರ್ಷ

ಇಷ್ಟು ದಿನ ಸುಮ್ನೆ ಓದ್ತಿದ್ದೆ. ನನ್ನ ವಯಸ್ಸಿನವರ ಕಡೆಯಿಂದ ಒಂದು ಮಾತು. 2025ರ ಮೇ ತಿಂಗಳಲ್ಲಿ ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ಬಂದಿದ್ದೆಲ್ಲ ಮೀಮ್ಸ್. ಅಣುಬಾಂಬ್ ಅಂದರೆ ಒಂದು ಜೋಕ್. ಬಾಂಬ್ ಬೇಕಾ ಬೇಡವಾ ಅಂತ ನನ್ನನ್ನು ಈವರೆಗೆ ಯಾರೂ ಕೇಳಿಲ್ಲ. ಮನೆಯಲ್ಲೂ ಇಲ್ಲ, ಕಾಲೇಜಲ್ಲೂ ಇಲ್ಲ. ಕೇಳಿದರೆ "ಗೊತ್ತಿಲ್ಲ" ಅಂತೀನಿ. ಅದನ್ನೂ ಲೆಕ್ಕಕ್ಕೆ ತಗೊಳ್ತಾರಾ?

ಲೆಕ್ಕದ ಪುಸ್ತಕ

ತಗೊಳ್ಳಲೇಬೇಕು ತಂಗಿ. ನನಗೆ ಅದೇ ಈಗ ಮುಖ್ಯ ಅನಿಸುತ್ತಿದೆ. 1945ರ ಆಗಸ್ಟ್‌ನಲ್ಲಿ ಗ್ಯಾಲಪ್ ಎಂಬ ಸಮೀಕ್ಷೆ ಸಂಸ್ಥೆ ಕೇಳಿದಾಗ ಜಪಾನಿನ ಮೇಲೆ ಬಾಂಬ್ ಹಾಕಿದ್ದು ಸರಿ ಎಂದ ಅಮೆರಿಕನ್ನರು 85%. ಪ್ಯೂ ಸಂಸ್ಥೆ 2015ರಲ್ಲಿ ಕೇಳಿದಾಗ ಸರಿ ಎಂದವರು 56%. ಅದೇ ಸಂಸ್ಥೆ 2025ರಲ್ಲಿ ಕೇಳಿದಾಗ ಸರಿ ಎಂದವರು 35%, ತಪ್ಪು ಎಂದವರು 31%, ಗೊತ್ತಿಲ್ಲ ಎಂದವರು 33%. ಗೊತ್ತಿಲ್ಲದವರೇ ಎರಡನೇ ದೊಡ್ಡ ಪಕ್ಷ!

ನಮ್ಮಲ್ಲೂ ಕೇಳುವವರು ಕಡಿಮೆ. 1974ರ ಮೊದಲ ಪರೀಕ್ಷೆಯ ಮುಂದಾಳು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಎಂದು ಹೆಮ್ಮೆಯಿಂದ ಹೇಳುತ್ತೇವೆ. ನಾವು ಮೊದಲು ಹಾಕುವುದಿಲ್ಲ ಎಂಬ ನೀತಿ 2003ರಲ್ಲಿ ಅಧಿಕೃತವಾಯಿತು. ಮುಂದೆ ಏನಾಗುವುದೋ ಸಂದರ್ಭ ನೋಡಿ ಎಂದು 2019ರಲ್ಲಿ ರಕ್ಷಣಾ ಸಚಿವರು ನಮ್ಮ ಪರೀಕ್ಷೆಗಳು ನಡೆದ ಪೋಖ್ರಾನಿನಲ್ಲೇ ನಿಂತು ಹೇಳಿದರು. ಇದರ ಮೇಲೆ ಒಂದು ಚುನಾವಣಾ ಭಾಷಣವಾದರೂ ಕೇಳಿದ ನೆನಪಿದೆಯಾ? ನನಗಿಲ್ಲ.

ಕೆರೆ ಏರಿ

ಇಷ್ಟೆಲ್ಲ ಓದಿಕೊಂಡು ಇವತ್ತು ಮೂರನೇ ಪ್ರಶ್ನೆ ಇಟ್ಟೆ. "ಎಲ್ಲರೂ ಒಟ್ಟಿಗೆ ಬಿಟ್ಟರೆ ನಾವೂ ಬಿಡೋಣವಾ?" ನಿಜ ಹೇಳಬೇಕೆಂದರೆ ಇದು ನನ್ನ ಪ್ರಶ್ನೆಯಲ್ಲ. 1988ರ ಜೂನ್‌ನಲ್ಲಿ ರಾಜೀವ್ ಗಾಂಧಿ ವಿಶ್ವಸಂಸ್ಥೆಯಲ್ಲಿ ಇಟ್ಟಿದ್ದೂ ಇದನ್ನೇ. 2010ರೊಳಗೆ ಹಂತ ಹಂತವಾಗಿ ಎಲ್ಲರೂ ಬಿಡಬೇಕು ಎಂದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷಕ್ಕೆ ನಾವೇ ಸಿಡಿಸಿದೆವು. 2017ರ ಒಪ್ಪಂದದ ಮಾತುಕತೆಗೂ ಹೋಗಲಿಲ್ಲ. ಎಲ್ಲರೂ ಬಿಟ್ಟರೆ ನಾವೂ ಎನ್ನುವ ಮಾತು ಮಾತ್ರ ದೆಹಲಿಯಲ್ಲಿ ಈಗಲೂ ಇದೆ.

ಯಾರಾದರೂ ಕೈ ಎತ್ತುವ ಮೊದಲೇ ಹವಾಲ್ದಾರರು ಕೇಳಿದರು. "ಎಣಿಸೋರು ಯಾರು?"

ನಾನು ದಕ್ಷಿಣ ಆಫ್ರಿಕಾದ ಕಥೆ ಹೇಳಿದೆ. ಆರು ಬಾಂಬ್ ಮಾಡಿ ಇಟ್ಟುಕೊಂಡಿದ್ದರು. ತಾವೇ ಬಿಚ್ಚಿ ಹಾಕಿ, 1993ರ ಮಾರ್ಚ್‌ನಲ್ಲಿ ಅಧ್ಯಕ್ಷ ಡಿ ಕ್ಲರ್ಕ್ ಪಾರ್ಲಿಮೆಂಟಿನಲ್ಲಿ ಹೇಳಿದರು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಬಂದು ಹಳೇ ಲೆಡ್ಜರು ತೆಗೆಸಿ, ಯುರೇನಿಯಂ ತೂಕ ಹಾಕಿ ಲೆಕ್ಕ ತಾಳೆ ನೋಡಿದರು. "ಕರಿಯರ ಕೈಗೆ ಅಧಿಕಾರ ಹೋಗುತ್ತೆ ಅಂತ ಗೊತ್ತಾದ ಮೇಲೆ ಬಿಚ್ಚಿದ್ದು ಬಿಡಿ" ಎಂದರು ಬ್ಯಾಂಕಿನವರು. ಹಾಗೆ ಹೇಳುವವರು ತುಂಬಾ ಜನ ಇದ್ದಾರೆ. ನಾನು ವಾದ ಮಾಡಲಿಲ್ಲ. ಯುಕ್ರೇನ್ ಬಗ್ಗೆಯೂ ಮಾತು ಬಂತು. ಅಲ್ಲಿದ್ದ ಬಾಂಬ್ ಸೋವಿಯತ್ ಕಾಲದವು, ಸಿಡಿಸುವ ಸಂಕೇತ ಮಾಸ್ಕೋ ಕೈಯಲ್ಲಿತ್ತು ಎಂದೆ. ನೇರ ಮಾತು ಅವರು ಇದಕ್ಕೂ ಏನೋ ಹೇಳುತ್ತಾರೆ, ಗೊತ್ತು.

ಆಮೇಲೆ ಕೊನೇ ಎಲೆ ಇಳಿಸಿದೆ. ಭಾರತ, ಪಾಕಿಸ್ತಾನ ಪ್ರತಿ ಜನವರಿ 1ಕ್ಕೆ ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತವೆ. ಇವುಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರ ಡಿಸೆಂಬರ್ 31ರಂದು ಮಾಡಿಕೊಂಡ ಒಪ್ಪಂದ. 1992ರಲ್ಲಿ ಶುರುವಾದ ಈ ಪಟ್ಟಿ ಕೊಡುವ ಪದ್ಧತಿ ಕಾರ್ಗಿಲ್ ಆದರೂ, ಪುಲ್ವಾಮಾ ಆದರೂ ನಿಂತಿಲ್ಲ. ಎಂಟು ಜನಕ್ಕೂ ಇದು ಹೊಸ ಸುದ್ದಿ. ಬ್ಯಾಂಕಿನವರು ಮೊಬೈಲ್ ತೆಗೆದು ಹುಡುಕಿ, ಹೌದೌದು ಎಂದರು.

ಹವಾಲ್ದಾರರು ಬಿಡುವವರಲ್ಲ. "ಪಟ್ಟಿಯಲ್ಲಿ ಕಟ್ಟಡ ಇರುತ್ತೆ, ಬಾಂಬ್ ಇರಲ್ಲ" ಎಂದರು. ನಿಜವೇ. ಅಷ್ಟು ಹೊತ್ತು ಸುಮ್ಮನಿದ್ದ ಟೈಲರ್ ನಕ್ಕು, "ಅಳತೆ ತಗೊಳ್ಳುವಾಗ ಹೊಟ್ಟೆ ಒಳಗೆ ಎಳ್ಕೊಳ್ಳೋ ಗಿರಾಕಿಗಳು ಇರ್ತಾರೆ ಸಾರ್. ಅದಕ್ಕೇ ನಾನು ಮಾತಾಡಿಸ್ತಾ ಮಾತಾಡಿಸ್ತಾ ಟೇಪು ಹಿಡೀತೀನಿ" ಎಂದರು.

ಕೈ ಲೆಕ್ಕ ಕೇಳ್ತೀರಾ? ಐದು ಮೇಲೆ. ಮೂರು ಕೆಳಗೆ. ನನ್ನದು ಎದ್ದಿತು, ಆದರೆ ಮೊಣಕೈವರೆಗೆ.

ಲೆಕ್ಕದ ಪುಸ್ತಕ

ಮೊಣಕೈಯನ್ನು ಯಾವ ಕಾಲಮ್ಮಿಗೆ ಹಾಕಲಿ ಸಾರ್?

ಡಿಗ್ರಿ ಎರಡನೇ ವರ್ಷ

ನಮ್ಮ ಪಕ್ಷಕ್ಕೆ ಬರಲಿ ಬಿಡಿ.